ಹೊಳೆ ತುಂಬಿದ ರಾತ್ರಿ ರೈಲು ಏಕೆ ನಿಲ್ಲುತ್ತದೆ?



ಜುಲೈ ತಿಂಗಳು ಬಂತೆಂದರೆ ಮುಂಬಯಿ, ಪುಣೆಯ ಕನ್ನಡಿಗರ ಮನೆಗಳಲ್ಲಿ ಫೋನಿನ ಮಾತು ಹೆಚ್ಚುಕಡಿಮೆ ಒಂದೇ. ಉಡುಪಿಯಿಂದ ಅಮ್ಮ ಕೇಳುತ್ತಾರೆ, "ಇಲ್ಲಿ ಮಳೆ ಜೋರುಂಟು ಮಗಾ, ನಿನ್ನ ರೈಲು ಉಂಟಾ ಇಲ್ಲವಾ?" ಬೆಳಗಾವಿ ಕಡೆಯವರಾದರೆ, "ಹೊಳಿ ಬಂದೈತಂತ, ಗಾಡಿ ಬಿಡ್ತಾರೇನು?" ಎನ್ನುತ್ತಾರೆ. ನಾಗರಪಂಚಮಿಗೆಂದು ಎರಡು ತಿಂಗಳ ಮೊದಲೇ ಟಿಕೆಟ್ ಮಾಡಿಸಿರುತ್ತೇವೆ. ರಜೆ ಮಂಜೂರಾಗಿರುತ್ತದೆ, ಬ್ಯಾಗು ಕಟ್ಟಿ ಆಗಿರುತ್ತದೆ. ಅಷ್ಟರಲ್ಲಿ ಸುದ್ದಿ ಬರುತ್ತದೆ: ನದಿ ಅಪಾಯದ ಮಟ್ಟ ಮೀರಿದೆ, ರೈಲು ರದ್ದು. ಇಲ್ಲವೇ ಹೊರಟ ರೈಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಗಂಟೆಗಟ್ಟಲೆ ನಿಂತುಬಿಡುತ್ತದೆ. ಆಗ ರೈಲ್ವೆಯವರನ್ನು ಬೈಯದವರು ಯಾರಿದ್ದಾರೆ?

ಆ ಸಿಟ್ಟು ಸಹಜವೇ. ಆದರೆ ರೈಲು ನಿಲ್ಲದೇ ಮುಂದೆ ಹೋದ ರಾತ್ರಿಗಳೂ ನಮ್ಮ ದೇಶದ ಇತಿಹಾಸದಲ್ಲಿವೆ. ಈ ಸಲ ಅವುಗಳನ್ನು ನೆನೆಯೋಣ.

1956ರ ಸೆಪ್ಟೆಂಬರ್ 2. ಆಗಿನ ಹೈದರಾಬಾದ್ ರಾಜ್ಯದ ಜಡ್ಚೆರ್ಲಾ ಮತ್ತು ಮಹಬೂಬ್‌ನಗರದ ನಡುವೆ ರಾತ್ರಿ ಹೊತ್ತು ರೈಲೊಂದು ಸೇತುವೆ ದಾಟುತ್ತಿತ್ತು. ನೆರೆಗೆ ಸಿಕ್ಕಿದ್ದ ಸೇತುವೆ ಕುಸಿಯಿತು. 110ಕ್ಕೂ ಹೆಚ್ಚು ಜನ ಸತ್ತರು. ಭಾಷಾವಾರು ರಾಜ್ಯಗಳು ಆಗಲು ಇನ್ನೂ ಎರಡು ತಿಂಗಳಿತ್ತು. ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲವೂ ಅದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮಹಬೂಬ್‌ನಗರವೆಂದರೆ ಆಗ ರಾಯಚೂರಿನ ನೆರೆಯ ಜಿಲ್ಲೆ. ಹೈದರಾಬಾದಿನಲ್ಲಿರುವ ನಮ್ಮ ಕೇಳುಗರು ಕಾಚಿಗುಡದಲ್ಲಿ ಬೆಂಗಳೂರಿನ ರೈಲು ಹತ್ತಿ, ಕರ್ನೂಲಿನ ಮೇಲೆ ಹೋಗುವಾಗ ದಾಟುವುದು ಇದೇ ದಾರಿಯನ್ನು. ಆಗ ಮೀಟರ್‌ಗೇಜ್, ಈಗ ಬ್ರಾಡ್‌ಗೇಜ್.

ರೈಲ್ವೆ ಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಒಪ್ಪಲಿಲ್ಲ.

ಮೂರು ತಿಂಗಳೂ ಕಳೆದಿರಲಿಲ್ಲ. ನವೆಂಬರ್ 22ರ ರಾತ್ರಿ ಮದರಾಸಿನ ಎಗ್ಮೋರಿನಿಂದ ತೂತ್ತುಕುಡಿ ಎಕ್ಸ್‌ಪ್ರೆಸ್ ಹೊರಟಿತು. 23ರ ನಸುಕಿನಲ್ಲಿ ಅರಿಯಲೂರು ದಾಟಿ ಮರುದೈಯಾರು ಎಂಬ ಹೊಳೆಯ ಸೇತುವೆಗೆ ಬಂತು. ಮಳೆಗೆ ಹೊಳೆ ಉಕ್ಕಿ ಹರಿಯುತ್ತಿತ್ತು. ಇಂಜಿನ್ನೂ ಅದರ ಹಿಂದಿನ ಏಳು ಬೋಗಿಗಳೂ ನೀರಿಗೆ ಬಿದ್ದವು. 140ಕ್ಕೂ ಹೆಚ್ಚು ಪ್ರಯಾಣಿಕರು ತೀರಿಕೊಂಡರು. ಶಾಸ್ತ್ರಿಯವರು ಮತ್ತೆ ರಾಜೀನಾಮೆ ಕೊಟ್ಟರು. ಈ ಸಲ ನೆಹರೂ ಒಪ್ಪಿಕೊಂಡರು. ತಪ್ಪು ಶಾಸ್ತ್ರಿಯವರದೆಂದಲ್ಲ, ಸಂಸದೀಯ ಪದ್ಧತಿಯಲ್ಲಿ ಅದೊಂದು ಒಳ್ಳೆಯ ಮೇಲ್ಪಂಕ್ತಿಯಾಗಲಿ ಎಂದು ಒಪ್ಪಿದ್ದೇನೆ ಎಂಬರ್ಥದಲ್ಲಿ ಅವರು ಸಂಸತ್ತಿನಲ್ಲಿ ಹೇಳಿದರು.

ಈ ರಾಜೀನಾಮೆಯ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಮಂತ್ರಿಯ ಹೆಸರು ನೆನಪಿದೆ, ಹೊಳೆಯ ಹೆಸರು ಮರೆತಿದ್ದೇವೆ. ಆದರೆ ಪ್ರಯಾಣಿಕರಾದ ನಮಗೆ ಪಾಠವಿರುವುದು ಹೊಳೆಯಲ್ಲಿಯೇ.

ನೀರು ಸೇತುವೆಯನ್ನು ಹೇಗೆ ಕೆಡವುತ್ತದೆ? ಮೇಲಿನಿಂದ ಹೊಡೆದು ಕೆಡವುವುದಕ್ಕಿಂತ ಕೆಳಗಿನಿಂದ ತೋಡಿ ಕೆಡವುವುದೇ ಹೆಚ್ಚು. ರಭಸದ ನೀರು ಕಂಬದ ಬುಡದಲ್ಲಿ ಸುಳಿ ತಿರುಗಿ ಮರಳನ್ನೂ ಮಣ್ಣನ್ನೂ ಎತ್ತಿ ಒಯ್ಯುತ್ತದೆ. ಮೇಲೆ ಕಂಬ ನೆಟ್ಟಗೆ ಕಾಣುತ್ತದೆ, ಕೆಳಗೆ ಬುಡವೇ ಇರುವುದಿಲ್ಲ. ಇನ್ನೊಂದು ಬಗೆಯೂ ಉಂಟು. ರೈಲು ಹಳಿ ಹಾಕಿದ ಮಣ್ಣಿನ ಏರಿ ಬಯಲಿಗೆ ಅಡ್ಡ ಕಟ್ಟಿದ ಒಡ್ಡಿನಂತೆ. ಅದರ ಕೆಳಗಿನ ಮೋರಿ ಸಣ್ಣದಾದರೆ ನೀರು ಒಂದು ಬದಿಯಲ್ಲಿ ನಿಂತು, ಏರುತ್ತಾ ಹೋಗಿ, ಕೊನೆಗೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಆಗ ಹಳಿ ಮಾತ್ರ ತೊಟ್ಟಿಲ ಹಗ್ಗದಂತೆ ಗಾಳಿಯಲ್ಲಿ ತೂಗುತ್ತಿರುತ್ತದೆ. ಹಳಿ ತುಂಡಾಗಿರದಿದ್ದರೆ ಸಿಗ್ನಲ್ ಹಸಿರಾಗಿಯೇ ಇರಬಹುದು!

ಇನ್ನೊಂದು ಮಾತು ಗಮನಿಸಿ. 1956ರ ಎರಡೂ ಅಪಘಾತಗಳು ಕತ್ತಲಲ್ಲಿ ಆದವು. 2005ರ ಅಕ್ಟೋಬರ್ 29ರಂದು, ದೀಪಾವಳಿಗೆ ಮೂರೇ ದಿನ ಇರುವಾಗ, ವಲಿಗೊಂಡದ ಬಳಿ ರೇಪಲ್ಲೆಯಿಂದ ಸಿಕಂದರಾಬಾದಿಗೆ ಬರುತ್ತಿದ್ದ ಡೆಲ್ಟಾ ಪ್ಯಾಸೆಂಜರ್ ನೀರಿಗೆ ಬಿದ್ದು 110ಕ್ಕೂ ಹೆಚ್ಚು ಜನ ಸತ್ತದ್ದು ಬೆಳಗಿನ ಜಾವ. 2015ರ ಆಗಸ್ಟ್ 4ರಂದು ಮಧ್ಯಪ್ರದೇಶದ ಹರ್ದಾ ಬಳಿ ಮುಂಬಯಿಯಿಂದ ಹೊರಟ ಕಾಮಯಾನಿ ಎಕ್ಸ್‌ಪ್ರೆಸ್ಸೂ ಎದುರಿನಿಂದ ಬಂದ ಜನತಾ ಎಕ್ಸ್‌ಪ್ರೆಸ್ಸೂ ಹಳಿ ತಪ್ಪಿದ್ದು ನಡುರಾತ್ರಿಯ ಹತ್ತಿರ. ಕತ್ತಲಲ್ಲಿ ಚಾಲಕನಿಗೆ ದೀಪದ ಬೆಳಕು ಬಿದ್ದಷ್ಟೇ ದಾರಿ. ಬ್ರೇಕ್ ಹಾಕಿದ ಮೇಲೂ ರೈಲು ನಿಲ್ಲಲು ನೂರಾರು ಮೀಟರ್ ಬೇಕು. ನೀರು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ.

ಹಾಗಾಗಿ ರೈಲನ್ನು ಕಾಪಾಡುವ ತೀರ್ಮಾನ ಇಂಜಿನ್ನಿನಲ್ಲಿ ಅಲ್ಲ, ಅದಕ್ಕೂ ಮೊದಲೇ ಆಗಬೇಕು. ಸೇತುವೆಯ ಕಂಬಗಳ ಮೇಲೆ ಬಳಿದಿರುವ ಅಪಾಯದ ಗೆರೆ ಅದಕ್ಕಾಗಿಯೇ ಇರುವುದು. ಮಳೆಗಾಲದಲ್ಲಿ ಗ್ಯಾಂಗ್‌ಮನ್‌ಗಳು ರಾತ್ರಿಯಿಡೀ ಲಾಟೀನು ಅಥವಾ ಟಾರ್ಚು ಹಿಡಿದು ಹಳಿಗುಂಟ ನಡೆಯುತ್ತಾರೆ. ಅವರ ಚೀಲದಲ್ಲಿ, ಚಕ್ರ ಹತ್ತಿದೊಡನೆ ಸದ್ದು ಮಾಡಿ ಚಾಲಕನನ್ನು ಎಚ್ಚರಿಸುವ ಪಟಾಕಿಯಂಥ ಡಿಟೋನೇಟರುಗಳಿರುತ್ತವೆ. ನಾವು ಬರ್ತಿನಲ್ಲಿ ಮಲಗಿ ನಿದ್ದೆ ಮಾಡುವಾಗ, ಹೊರಗೆ ಆ ಮಳೆಯಲ್ಲಿ ನೆನೆಯುತ್ತಾ ಒಬ್ಬ ಮನುಷ್ಯ ನಮಗಾಗಿ ನಡೆಯುತ್ತಿರುತ್ತಾನೆ.

ಕರಾವಳಿಯವರ ಕೊಂಕಣ ರೈಲ್ವೆಯನ್ನೇ ನೋಡಿ. ಮಳೆಗಾಲಕ್ಕೆ ಅಲ್ಲಿ ಬೇರೆಯೇ ವೇಳಾಪಟ್ಟಿ. ಜೋರು ಮಳೆಯಲ್ಲಿ ದಾರಿ ಸರಿಯಾಗಿ ಕಾಣದಿದ್ದರೆ ಗಂಟೆಗೆ 40 ಕಿ.ಮೀ. ವೇಗ ಮೀರಬಾರದೆಂದು ಚಾಲಕರಿಗೆ ಸೂಚನೆ. ಕಾಳಿ, ಸಾವಿತ್ರಿ, ವಾಶಿಷ್ಠಿ ನದಿಗಳ ಸೇತುವೆಗಳಲ್ಲಿ ನೀರು ಏರಿದರೆ ಸುದ್ದಿ ಮುಟ್ಟಿಸುವ ಉಪಕರಣಗಳಿವೆ. (ಈ ಕಾಳಿ ನಮ್ಮ ಕಾರವಾರದ ಕಾಳಿಯಲ್ಲ, ಮಹಾರಾಷ್ಟ್ರದ ಮಾಣಗಾಂವ್ ಬಳಿಯದು.)

2021ರ ಜುಲೈ 22ರಂದು ಚಿಪಳೂಣ್ ಪಟ್ಟಣವೇ ನೀರಿನಲ್ಲಿತ್ತು. ಚಿಪಳೂಣ್ ಮತ್ತು ಕಾಮಥೆ ನಡುವಿನ ಸೇತುವೆಯಲ್ಲಿ ವಾಶಿಷ್ಠಿ ಅಪಾಯದ ಮಟ್ಟ ಮೀರಿತು. ರೈಲುಗಳನ್ನು ಬೇರೆಬೇರೆ ಸ್ಟೇಷನ್‌ಗಳಲ್ಲಿ ನಿಲ್ಲಿಸಿದರು. ಸುಮಾರು 6,000 ಪ್ರಯಾಣಿಕರು ದಾರಿಯಲ್ಲೇ ಉಳಿದರು. ಎಷ್ಟು ಬೇಸರ, ಎಷ್ಟು ಪರದಾಟ! ಆದರೆ ಆ ರೈಲುಗಳಲ್ಲಿ ಒಂದೂ ಹೊಳೆಗೆ ಬೀಳಲಿಲ್ಲ. 1956ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಮತ್ತು ಅಷ್ಟು ದೊಡ್ಡದು.

ಹಾಗೆಂದು ರೈಲ್ವೆಯವರಿಗೆ ಪೂರ್ತಿ ಅಂಕ ಕೊಡಲಾಗದು. ಎಲ್ಲಿ ನಿಲ್ಲಿಸುತ್ತಾರೆ ಎಂಬುದೂ ಮುಖ್ಯ. 2019ರ ಜುಲೈ 26ರ ರಾತ್ರಿ ಮುಂಬಯಿ ಬಿಟ್ಟ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ, ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಸಿಕ್ಕಿಕೊಂಡಿತು. ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿರುವ ಗಾಡಿ ಅದು. ಸುಮಾರು 1,050 ಪ್ರಯಾಣಿಕರು, ಸುತ್ತಲೂ ಸಮುದ್ರದಂತೆ ನೀರು. ಯಾರೂ ಕೆಳಗಿಳಿಯಬೇಡಿ ಎಂದು ರೈಲ್ವೆ ಕೇಳಿಕೊಂಡಿತು. ಎನ್‌ಡಿಆರ್‌ಎಫ್‌ನ ದೋಣಿಗಳು ಬಂದವು. ನೌಕಾಪಡೆ, ವಾಯುಪಡೆ, ಜೊತೆಗೆ ಸುತ್ತಲ ಹಳ್ಳಿಯವರು ಕೈಜೋಡಿಸಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಗರ್ಭಿಣಿಯರೂ ಮಕ್ಕಳೂ ಸೇರಿ ಎಲ್ಲರೂ ಪಾರಾದರು. ಜೀವ ಉಳಿಯಿತು. ಆದರೆ ಆ ರೈಲು ಒಂದು ಸ್ಟೇಷನ್ ಹಿಂದೆಯೇ ನಿಂತಿದ್ದರೆ ಅಷ್ಟು ಕಷ್ಟವೇ ಇರುತ್ತಿರಲಿಲ್ಲ.

ವಲಿಗೊಂಡದ ಪಾಠ ಇನ್ನೂ ಕಹಿ. ಅಲ್ಲಿ ಬಂದದ್ದು ನದಿಯಲ್ಲ, ಒಡೆದ ಕೆರೆಯ ನೀರು. ಹಳಿ ರೈಲ್ವೆಯದು, ಕೆರೆ ಇನ್ನೊಬ್ಬರದು. ಕೆರೆ ಏರಿ ಒಡೆದ ಸುದ್ದಿ ಹಳ್ಳಿಯಿಂದ ಸ್ಟೇಷನ್ ಮಾಸ್ತರರಿಗೆ ರೈಲಿಗಿಂತ ಮೊದಲು ಮುಟ್ಟದಿದ್ದರೆ ಕಂಬದ ಮೇಲಿನ ಗೆರೆಯಿಂದ ಏನು ಪ್ರಯೋಜನ?

ಇನ್ನು ನಮ್ಮ ಕೈಯಲ್ಲಿರುವುದು ಏನು? ಮಳೆಗಾಲದಲ್ಲಿ ಹೊರಡುವ ಮುನ್ನ 139ಕ್ಕೆ ಫೋನ್ ಮಾಡಿ ರೈಲಿನ ಸ್ಥಿತಿ ಕೇಳಿ. ಊರಿನ ಕೆಲಸಕ್ಕೆ ಒಂದು ದಿನ ಮೊದಲೇ ಹೊರಡುವಂತೆ ರಜೆ ಹಾಕಿ. ಚೀಲದಲ್ಲಿ ನೀರು, ಬಿಸ್ಕೀಟು, ಔಷಧಿ ಇರಲಿ. ರೈಲ್ವೆಯೇ ರೈಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಬರುತ್ತದೆ. ನಡುದಾರಿಯಲ್ಲಿ ನಿಂತರೆ, ಹೇಳುವವರೆಗೂ ಹಳಿಗೆ ಇಳಿಯಬೇಡಿ.

ಮುಂದಿನ ಸಲ ಯಾವುದೋ ಹೆಸರು ಗೊತ್ತಿಲ್ಲದ ಸ್ಟೇಷನ್ನಿನಲ್ಲಿ ರೈಲು ಕದಲದೆ ನಿಂತಾಗ ಅರಿಯಲೂರನ್ನು ಒಮ್ಮೆ ನೆನೆಯಿರಿ. ಊರಿಗೆ ಫೋನ್ ಮಾಡಿ, "ಅಮ್ಮಾ, ಗಾಡಿ ನಿಂತಿದೆ, ಗಾಬರಿ ಬೇಡ, ನಿಂತಿರುವುದೇ ಒಳ್ಳೆಯದು" ಎನ್ನಿ. ಕೋಡುಬಳೆ ಒಂದು ದಿನ ಕಾಯುತ್ತದೆ.

ನೆರೆಯಲ್ಲಿ ನಿಂತ ರೈಲಿನ ಅನುಭವ ನಿಮಗೂ ಆಗಿದ್ದರೆ ನಮಗೆ ಬರೆಯಿರಿ. ಮಳೆಗಾಲ ಮುಗಿಯುವುದರೊಳಗೆ ಬಾನುಲಿಯಲ್ಲಿ ಓದೋಣ.