ಒಂದು ಸೋಲಿಗೆ ಮುಗಿಯುತ್ತಿದ್ದ ವರ್ಷ

ಭಾನುವಾರ ಬೆಳಿಗ್ಗೆ ಆರ್.ಟಿ. ನಗರದಿಂದ ಹೊರಟು ಹೆಬ್ಬಾಳ ದಾಟಿ ಯಲಹಂಕದವರೆಗೆ ಹೋದರೆ, ಕಟ್ಟಡ ಏಳದೆ ಉಳಿದಿರುವ ಬಯಲುಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳು ನಡೆಯುತ್ತಿರುವುದು ಕಾಣುತ್ತದೆ. ಒಮ್ಮೆ ನಾವು ಅಂಥದೊಂದು ಮೈದಾನದ ಅಂಚಿನಲ್ಲಿ ನಿಂತಿದ್ದಾಗ ಹುಡುಗರ ತಂಡವೊಂದು ಬ್ಯಾಟುಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೊರಟಿತ್ತು. ಗಂಟೆ ಇನ್ನೂ ಒಂಬತ್ತಾಗಿರಲಿಲ್ಲ. ಗಲ್ಲಿಯಲ್ಲಿ ಚಂದಾ ಎತ್ತಿ ಪ್ರವೇಶ ಶುಲ್ಕ ಕಟ್ಟಿದ್ದರು, ಬೆನ್ನ ಮೇಲೆ ಹೆಸರು ಅಚ್ಚು ಹಾಕಿಸಿದ ಅಂಗಿ ತೊಟ್ಟಿದ್ದರು. ಆರು ಓವರುಗಳ ಒಂದು ಪಂದ್ಯ ಸೋತರು, ಅಲ್ಲಿಗೆ ಮುಗಿಯಿತು. ಅವರಲ್ಲಿ ಮೂವರಿಗೆ ಬ್ಯಾಟು ಹಿಡಿಯುವ ಸರದಿಯೇ ಬಂದಿರಲಿಲ್ಲ. ‘ಮುಂದಿನ ವರ್ಷ ನೋಡೋಣ ಭಾಯ್’ ಎಂದು ಅವರಲ್ಲೊಬ್ಬ ಸ್ಕೂಟರು ಒದ್ದ.

ಈ ಮಾತನ್ನು ನಮ್ಮ ರಾಜ್ಯದ ತಂಡವೂ ಹಲವು ವರ್ಷ ಹೇಳಿಕೊಂಡು ಬಂದಿದೆ ಎಂಬುದು ಇಂದಿನವರಿಗೆ ಅಷ್ಟಾಗಿ ನೆನಪಿಲ್ಲ. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ಆರಂಭವಾಯಿತು. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರು 48 ರನ್ನಿಗೆ ಆಲೌಟಾಯಿತು. ಮದರಾಸು 130 ಹೊಡೆಯಿತು. ಎರಡನೇ ಸರದಿಯಲ್ಲಿ ಮೈಸೂರಿನದು 59. ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ದಿನಗಟ್ಟಲೆ ನಡೆಯಬೇಕಾದ ಪಂದ್ಯ ಅದೇ ಸಂಜೆ ಮುಗಿದುಹೋಯಿತು. ಸೋತವರಿಗೆ ಹೊರಹೋಗುವ ದಾರಿ ಮಾತ್ರ ಇದ್ದುದರಿಂದ ಆ ವರ್ಷದ ರಣಜಿಯೂ ಮೈಸೂರಿನ ಪಾಲಿಗೆ ಒಂದೇ ದಿನದಲ್ಲಿ ಮುಗಿಯಿತು.

ನಾಕೌಟ್ ಪದ್ಧತಿಯ ಲೆಕ್ಕ ಬಹಳ ಸರಳ. ಹದಿನಾರು ತಂಡಗಳಿದ್ದರೆ ಹದಿನೈದು ಪಂದ್ಯಗಳಲ್ಲಿ ಗೆದ್ದವರು ಯಾರೆಂದು ತಿಳಿಯುತ್ತದೆ. ರೈಲು ಖರ್ಚು ಕಡಿಮೆ, ಮೈದಾನದ ಬಾಡಿಗೆ ಕಡಿಮೆ. ಆದರೆ ಎಂಟು ತಂಡಗಳು ಒಂದೊಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ಐದು ತಂಡಗಳ ಒಂದು ಲೀಗ್ ಮಾಡಿದರೆ ಹತ್ತು ಪಂದ್ಯ ಬೇಕು, ಆದರೆ ಕಡೆಯ ಸ್ಥಾನದ ತಂಡಕ್ಕೂ ನಾಲ್ಕು ಪಂದ್ಯ ಸಿಗುತ್ತದೆ. ಗೆದ್ದವರನ್ನು ಹುಡುಕುವುದಷ್ಟೇ ಗುರಿಯಾದರೆ ಮೊದಲನೆಯದು ಸಾಕು. ಆಟಗಾರರನ್ನು ಬೆಳೆಸಬೇಕಾದರೆ ಎರಡನೆಯದು ಬೇಕು. ರಣಜಿ ನಡೆಸುತ್ತಿದ್ದವರಿಗೆ ಇದನ್ನು ಒಪ್ಪಿಕೊಳ್ಳಲು ಇಪ್ಪತ್ತಮೂರು ವರ್ಷ ಹಿಡಿಯಿತು.

ರಣಜಿಗಿಂತ ಹಳೆಯ ಪಂದ್ಯಾವಳಿಯೊಂದು ಮುಂಬಯಿಯಲ್ಲಿತ್ತು. ಅದರ ಸಮಸ್ಯೆ ಬೇರೆಯೇ ಬಗೆಯದು. ಅಲ್ಲಿ ತಂಡ ಕಟ್ಟುತ್ತಿದ್ದುದೇ ಧರ್ಮದ ಹೆಸರಲ್ಲಿ. ಯುರೋಪಿಯನ್ನರು ಮತ್ತು ಪಾರ್ಸಿಗಳ ನಡುವೆ ಇದ್ದ ಸ್ಪರ್ಧೆಗೆ 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು ಸೇರಿದರು. 1937ರಲ್ಲಿ ಕ್ರೈಸ್ತರು ಮೊದಲಾದ ಉಳಿದವರಿಗೆಲ್ಲ ಸೇರಿಸಿ ‘ದಿ ರೆಸ್ಟ್’ ಎಂಬ ಐದನೆಯ ತಂಡ ಬಂತು. ಜನ ಕಿಕ್ಕಿರಿದು ಸೇರುತ್ತಿದ್ದುದು ಇದಕ್ಕೇ ಹೊರತು ರಣಜಿಗಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಹಿಂದೂ ತಂಡದ ಅತ್ಯುತ್ತಮ ಬೌಲರಾಗಿದ್ದರೂ ದಲಿತರೆಂಬ ಕಾರಣಕ್ಕೆ ಅವರಿಗೆ ನಾಯಕತ್ವ ದಕ್ಕಲಿಲ್ಲ. 1923ರಲ್ಲಿ ಅವರ ತಮ್ಮ ವಿಠಲ್‌ಗೆ ಅದು ದೊರೆಯಿತು. ಅಂದರೆ ಧರ್ಮದ ಗೆರೆ ಎಳೆದ ಪಂದ್ಯಾವಳಿ, ಗೆರೆಯ ಒಳಗಿನ ಜಾತಿಯನ್ನೂ ಹಾಗೇ ಉಳಿಸಿಕೊಂಡಿತ್ತು. 1940ರ ಡಿಸೆಂಬರಿನಲ್ಲಿ ಗಾಂಧೀಜಿ ಈ ಬಗೆಯ ಪಂದ್ಯಗಳಿಗೆ ತಮ್ಮ ಅಸಮ್ಮತಿ ತಿಳಿಸಿದರು. 1946ರಲ್ಲಿ ಪಂದ್ಯಾವಳಿಯನ್ನೇ ಕೈಬಿಡಲಾಯಿತು. ಅದರಲ್ಲಿ ಮುಸ್ಲಿಮರ ತಂಡಕ್ಕೆ ಆಡಿದ್ದ ಕೆ.ಸಿ. ಇಬ್ರಾಹಿಂ ರಣಜಿಯಲ್ಲಿ ಮುಂಬಯಿಗೆ ರನ್ನಿನ ರಾಶಿ ಹಾಕಿ, 1948-49ರಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ಪಂದ್ಯಾವಳಿ ನಿಂತರೆ ಅಲ್ಪಸಂಖ್ಯಾತ ಆಟಗಾರರಿಗೆ ವೇದಿಕೆ ತಪ್ಪುತ್ತದೆ ಎಂಬ ಆತಂಕಕ್ಕೆ ಇಬ್ರಾಹಿಂ ಒಂದು ಉತ್ತರ. ಆದರೆ ಆ ಆತಂಕ ಪೂರ್ತಿ ಸುಳ್ಳಾಗಿತ್ತೆಂದು ಹೇಳಲು ನಾವು ಸಿದ್ಧರಿಲ್ಲ.

ಹೀಗೆ ಪ್ರಾಂತ್ಯವೇ ತಂಡಗಳ ಆಧಾರವಾಯಿತು. ಉಳಿದದ್ದು ವೇಳಾಪಟ್ಟಿಯ ಪ್ರಶ್ನೆ. ಮೈಸೂರು ತಂಡ 1941-42ರಲ್ಲಿ ಫೈನಲಿಗೇನೋ ಹೋಯಿತು. ಅಲ್ಲಿ ಮುಂಬಯಿ ಅದನ್ನು ಒಂದು ಇನ್ನಿಂಗ್ಸ್ ಮತ್ತು 281 ರನ್ನುಗಳಿಂದ ಸೋಲಿಸಿತು. ವರ್ಷಕ್ಕೆ ಒಂದೋ ಎರಡೋ ಪಂದ್ಯ ಆಡುವ ತಂಡದಲ್ಲಿ ಆಯ್ಕೆದಾರರಾದರೂ ಏನು ಮಾಡಿಯಾರು? ಸೋತರೆ ವರ್ಷವೇ ಹೋಗುವಾಗ ಹೊಸ ಹುಡುಗನನ್ನು ಇಳಿಸುವ ಧೈರ್ಯ ಯಾರಿಗಿರುತ್ತದೆ? ಹಳಬರೇ ಆಡುತ್ತಾರೆ, ಹೊಸಬರು ನೀರು ಹೊರುತ್ತಾರೆ.

1957-58ರಲ್ಲಿ ವಲಯದೊಳಗಿನ ಪಂದ್ಯಗಳು ಲೀಗ್ ಆದವು. ದಕ್ಷಿಣ ವಲಯದಲ್ಲಿ ಮದರಾಸು, ಮೈಸೂರು, ಹೈದರಾಬಾದು, ಆಂಧ್ರ ಮತ್ತು ಕೇರಳ. ಪ್ರತಿ ತಂಡಕ್ಕೂ ಸೋತರೂ ಗೆದ್ದರೂ ನಾಲ್ಕು ಪಂದ್ಯ ಖಾತ್ರಿ. ಎರಡು ವರ್ಷದಲ್ಲೇ ಮೈಸೂರು ಮತ್ತೆ ಫೈನಲ್ ಆಡಿತು. ಅಲ್ಲಿಯೂ ಮುಂಬಯಿಯೇ ಗೆದ್ದಿತೆನ್ನಿ. ಆದರೆ ನಾವು ಎಣಿಸಬೇಕಾದದ್ದು ಆ ಮುಂದಿನ ಹತ್ತು ವರ್ಷಗಳಲ್ಲಿ ತಂಡಕ್ಕೆ ಬಂದವರನ್ನು. 1961-62ರಲ್ಲಿ ಪ್ರಸನ್ನ, 1963-64ರಲ್ಲಿ ಚಂದ್ರಶೇಖರ್. 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ಎದುರು ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದ ವಿಶ್ವನಾಥ್. ಅದೇ ಋತುವಿನಲ್ಲಿ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಇವರೆಲ್ಲ ಲೀಗಿನಿಂದಲೇ ಹುಟ್ಟಿದರೆಂದು ಹೇಳಿದರೆ ಪ್ರತಿಭೆಗೆ ಅವಮಾನ. ಆದರೆ ಭದ್ರಾವತಿಯ ಕುಳ್ಳ ಹುಡುಗನೊಬ್ಬನನ್ನು ಆಂಧ್ರದ ಮೇಲೆ ಆಡಿಸಿ ನೋಡೋಣ ಎನ್ನುವ ಬಿಡುವು ಮೈಸೂರಿಗೆ ಸಿಕ್ಕಿದ್ದು, ಸೋತರೂ ಇನ್ನೂ ಪಂದ್ಯಗಳಿವೆ ಎಂಬ ವೇಳಾಪಟ್ಟಿಯಿಂದ ಎಂದು ನಮ್ಮ ಎಣಿಕೆ.

ಆಗ ಆಟವೇ ಇವರ ಹೊಟ್ಟೆಪಾಡಾಗಿರಲಿಲ್ಲ. ಟೆಸ್ಟ್ ಆಡಿಬಂದ ಪ್ರಸನ್ನ, ಎಂಜಿನಿಯರಿಂಗ್ ಓದು ಮುಗಿಸಲು 1962ರಿಂದ ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದರು. ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರರಾದರು. ಪರೀಕ್ಷೆ, ರಜೆ, ಆಫೀಸು ಇವುಗಳ ಸಂದಿಯಲ್ಲಿ ಆಡುವವನಿಗೆ ಪಂದ್ಯದ ದಿನಾಂಕ ಮುಂಚೆಯೇ ತಿಳಿದಿರುವುದು ಎಷ್ಟು ದೊಡ್ಡದೆಂಬುದು ಆಡಿದವರಿಗೇ ಗೊತ್ತು.

ಆದರೂ ಒಂದು ಬಾಗಿಲು ಮುಚ್ಚಿಯೇ ಇತ್ತು. ವಲಯದಲ್ಲಿ ಮೊದಲು ಬಂದವರಿಗೆ ಮಾತ್ರ ಮುಂದಿನ ಹಂತ. 1970-71ರಿಂದ ಎರಡನೆಯವರಿಗೂ ಅವಕಾಶ ಸಿಕ್ಕಿತು. ಮುಂಬಯಿ ಆಗ 1958-59ರಿಂದ ಯಾರಿಗೂ ಟ್ರೋಫಿ ಬಿಟ್ಟುಕೊಟ್ಟಿರಲಿಲ್ಲ. ಒಟ್ಟು ಹದಿನೈದು ವರ್ಷ! 1973ರ ನವೆಂಬರಿನಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, ತಂಡದ ಹೆಸರೂ ಬದಲಾಯಿತು. 1974ರ ಮಾರ್ಚಿನಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಮುಂದೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದಿತು. ಒಂದು ದಿನದಲ್ಲಿ ಮುಗಿದುಹೋಗಿದ್ದ ಆ ಮೊದಲ ವರ್ಷದಿಂದ ಇಲ್ಲಿಗೆ ಸುಮಾರು ನಲವತ್ತು ವರ್ಷ.

ಆಮೇಲಿನ ಬದಲಾವಣೆಗಳು ಹಲವು. 2002-03ರಲ್ಲಿ ವಲಯಗಳನ್ನು ಬಿಟ್ಟು ಎಲೀಟ್, ಪ್ಲೇಟ್ ಎಂಬ ಎರಡು ದರ್ಜೆ ಮಾಡಿದರು. 2016-17ರಲ್ಲಿ ಎಲ್ಲ ಪಂದ್ಯಗಳನ್ನೂ ತಟಸ್ಥ ಊರುಗಳಲ್ಲಿ ಆಡಿಸಿ, ಖಾಲಿ ಮೈದಾನಗಳನ್ನು ನೋಡಿ ಮರುವರ್ಷವೇ ಕೈಬಿಟ್ಟರು. 2018-19ರಲ್ಲಿ ಈಶಾನ್ಯದ ರಾಜ್ಯಗಳೂ ಉತ್ತರಾಖಂಡವೂ ಬಂದು ತಂಡಗಳ ಸಂಖ್ಯೆ 37 ಆಯಿತು. 2020-21ರಲ್ಲಿ ಕೊರೊನಾ ಕಾರಣ ರಣಜಿ ನಡೆಯಲೇ ಇಲ್ಲ. ಮರುವರ್ಷ ಲೀಗ್ ಹಂತದಲ್ಲಿ ಎಲೀಟ್ ತಂಡಗಳಿಗೆ ಸಿಕ್ಕಿದ್ದು ತಲಾ ಮೂರೇ ಪಂದ್ಯ.

ಆ ವರ್ಷದ ಕೊನೆಯ ಹಂತ 2022ರ ಜೂನಿನಲ್ಲಿ ನಮ್ಮ ಊರಿನಲ್ಲಿ ನಡೆಯಿತು. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಹೋದರೆ ಸಿಗುವ ಆಲೂರಿನಲ್ಲಿ ಮುಂಬಯಿ ಉತ್ತರಾಖಂಡವನ್ನು 725 ರನ್ನುಗಳಿಂದ ಸೋಲಿಸಿತು. ಅದು ವಿಶ್ವದಾಖಲೆ. ಯಲಹಂಕದ ಕಡೆಯ ಜಸ್ಟ್ ಕ್ರಿಕೆಟ್ ಮೈದಾನದಲ್ಲಿ ಬಂಗಾಳದ ಮೊದಲ ಒಂಬತ್ತು ಬ್ಯಾಟರುಗಳೂ ಜಾರ್ಖಂಡದ ಮೇಲೆ ಅರ್ಧಶತಕ ದಾಟಿದರು. ಇಂಥ ಏಕಪಕ್ಷೀಯ ಪಂದ್ಯಗಳನ್ನು ಕಂಡು, ಬಾಗಿಲು ಅತಿಯಾಗಿ ತೆರೆದೆವೇನೋ ಎಂದು ಗೊಣಗುವವರಿದ್ದಾರೆ. ಚೆಪಾಕ್‌ನಲ್ಲಿ 48ಕ್ಕೂ 59ಕ್ಕೂ ಉರುಳಿದ ತಂಡ ಯಾವುದೆಂದು ಅವರಿಗೆ ನೆನಪಿಸಬೇಕಾಗುತ್ತದೆ. ಆ ವರ್ಷ ಆಲೂರಿನಲ್ಲೇ ಉತ್ತರಪ್ರದೇಶಕ್ಕೆ ಸೋತು ಕರ್ನಾಟಕವೂ ಹೊರಬಿತ್ತು. ಮಧ್ಯಪ್ರದೇಶ ಮೊದಲ ಬಾರಿ ಕಪ್ ಗೆದ್ದಿತು.

ಇದು ನಮ್ಮೊಬ್ಬರ ತಕರಾರಲ್ಲ. ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್ ಎಂಬ ದೇಸಿ ಆಟಗಳಿವೆ. 1884ರಲ್ಲಿ ಹುಟ್ಟಿದ ಸಂಘವೊಂದು ಅವನ್ನು ನಡೆಸುತ್ತದೆ. ಎಂಬತ್ತು ಸಾವಿರ ಜನ ನೋಡಲು ಬರುವ ಫೈನಲ್ ಆಡುವವರಿಗೂ ಸಂಬಳವಿಲ್ಲ. ಅವರು ಮೇಷ್ಟರು, ರೈತರು, ಗುಮಾಸ್ತರು. ಚಳಿಗಾಲವೆಲ್ಲ ಬೆವರು ಸುರಿಸಿದ ಜಿಲ್ಲಾ ತಂಡದ ಚಾಂಪಿಯನ್‌ಶಿಪ್ಪು ಒಂದೇ ಸೋಲಿಗೆ ಮುಗಿಯುತ್ತಿತ್ತು. ಹರ್ಲಿಂಗಿನಲ್ಲಿ 1997ರಲ್ಲಿ, ಫುಟ್‌ಬಾಲಿನಲ್ಲಿ 2001ರಲ್ಲಿ ಸೋತವರಿಗೆ ಇನ್ನೊಂದು ಅವಕಾಶ ಕೊಟ್ಟರು. ಜಿಲ್ಲೆಯ ಪಂದ್ಯಗಳು ಹೆಚ್ಚಿದಂತೆ ಊರಿನ ಕ್ಲಬ್ಬಿನ ಸಾಮಾನ್ಯ ಆಟಗಾರ ತನ್ನ ಪಂದ್ಯ ಯಾವತ್ತೆಂದು ತಿಳಿಯದೆ ಬೇಸಿಗೆಯೆಲ್ಲ ಕಾಯುವಂತಾಯಿತು. ಕೊನೆಗೆ 2022ರಿಂದ ವರ್ಷವನ್ನೇ ಇಬ್ಭಾಗ ಮಾಡಿ, ಜುಲೈವರೆಗೆ ಜಿಲ್ಲೆಗೆ, ಆಮೇಲಿನ ತಿಂಗಳು ಕ್ಲಬ್ಬಿಗೆ ಎಂದು ಹಂಚಿದರು. ಭಾರತದಲ್ಲೂ 2024-25ರಲ್ಲಿ ರಣಜಿಯನ್ನು ಎರಡು ಭಾಗ ಮಾಡಿ, ಚುಟುಕು ಕ್ರಿಕೆಟ್ಟಿಗೆ ನಡುವೆ ಜಾಗ ಬಿಟ್ಟರು. ಅಲ್ಲಿ ಬಿಡುವು ಮಾಡಿದ್ದು ಊರಿನ ಆಟಗಾರನಿಗೆ, ಇಲ್ಲಿ ಚುಟುಕು ಆಟಕ್ಕೆ.

ಮತ್ತೆ ಆರ್.ಟಿ. ನಗರಕ್ಕೆ ಬರೋಣ. ಅಲ್ಲಿನ ಟೂರ್ನಿ ನಡೆಸುವ ಹುಡುಗರೊಂದಿಗೆ ನಾವು ಈ ಲೆಕ್ಕವನ್ನೆಲ್ಲ ಮಾತಾಡಿದೆವು. ಅವರಿಗೆ ಅವರದೇ ತೊಂದರೆ. ಮಾರ್ಚಿನಲ್ಲಿ ಪರೀಕ್ಷೆ. ರಂಜಾನ್ ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಆದ್ದರಿಂದ ಹೋದ ವರ್ಷದ ದಿನಾಂಕ ಈ ವರ್ಷಕ್ಕೆ ಹೊಂದುವುದಿಲ್ಲ. ಮೈದಾನ ಸಿಗುವುದು ಭಾನುವಾರ ಮಾತ್ರ. ಆದರೂ ಒಂದು ಸಲ ಹದಿನಾರು ತಂಡಗಳನ್ನು ನಾಲ್ಕು ಗುಂಪು ಮಾಡಿ ನೋಡಿದರು. ನಾಕೌಟಿನ ಹದಿನೈದು ಪಂದ್ಯ ಇಪ್ಪತ್ತೇಳಾಯಿತು, ಒಂದು ಭಾನುವಾರ ಎರಡಾಯಿತು, ಪ್ರವೇಶ ಶುಲ್ಕ ಏರಿತು. ಎರಡನೆಯ ಭಾನುವಾರ ಫೈನಲ್ ಶುರುವಾಗುವಾಗ ಮಗ್ರಿಬ್ ಅಜಾನ್‌ಗೆ ಅರ್ಧ ಗಂಟೆ ಉಳಿದಿತ್ತು. ಕೊನೆಯ ಓವರಿನಲ್ಲಿ ಚೆಂಡು ಸರಿಯಾಗಿ ಕಾಣದೆ ಕ್ಯಾಚು ಬಿಟ್ಟರು. ಗುಂಪು ಹಂತದಲ್ಲಿ ಮೂರೂ ಸೋತಿದ್ದ ತಂಡವೊಂದು ಗಡಿಗೆರೆಯಾಚೆ ಕುಳಿತು, ಬರುವ ವರ್ಷ ಹಣ ಎಷ್ಟು ಕಟ್ಟಬೇಕೆಂದು ವಿಚಾರಿಸುತ್ತಿತ್ತು.