ಸೈನಿಕ ಪಿಂಚಣಿ ಬದಲಾವಣೆಗಳು

ಭಾರತದ ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಯಿಂದ ನಿವೃತ್ತರಾದವರಿಗೂ ಅವರ ಕುಟುಂಬಗಳಿಗೂ ಕೇಂದ್ರ ಸರ್ಕಾರ ನೀಡುವ ಪಿಂಚಣಿಯ ನಿಯಮಗಳಲ್ಲಿ ಜಾರಿಗೆ ಬಂದ ಹಾಗೂ ಪ್ರಸ್ತಾವದ ಹಂತದಲ್ಲೇ ನಿಂತ ಮಾರ್ಪಾಡುಗಳು. ಇವುಗಳಲ್ಲಿ ಮುಖ್ಯವಾದವು 2015ರ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ (ಒಆರ್‌ಒಪಿ), ಅವಧಿಗೆ ಮೊದಲೇ ಸೇವೆ ಬಿಡುವವರ ಪಿಂಚಣಿ ಕಡಿತಗೊಳಿಸುವ 2020ರ ಪ್ರಸ್ತಾವ, 2022ರ ಅಗ್ನಿಪಥ ಯೋಜನೆ, 2023ರ ಅಂಗವೈಕಲ್ಯ ನಿಯಮಗಳು ಮತ್ತು ಎಂಟನೇ ಕೇಂದ್ರ ವೇತನ ಆಯೋಗ.

ಹಿನ್ನೆಲೆ

ಕೇಂದ್ರದ ನಾಗರಿಕ ನೌಕರರು 60ನೇ ವಯಸ್ಸಿನವರೆಗೆ ಕೆಲಸದಲ್ಲಿರುತ್ತಾರೆ. ಸೇನೆಗೆ ಬೇಕಾಗಿರುವುದು ಹರೆಯದ ಆಳುಗಳು. ಆದ್ದರಿಂದ ಸಿಪಾಯಿ ಸಾಮಾನ್ಯವಾಗಿ 35ರಿಂದ 40ರ ಒಳಗೇ ಸಮವಸ್ತ್ರ ಕಳಚಬೇಕಾಗುತ್ತದೆ. ಮಕ್ಕಳ ಓದು, ಮನೆ ಸಾಲ, ಹೆತ್ತವರ ಔಷಧಿ ಎಲ್ಲವೂ ಒಟ್ಟಿಗೆ ಎದುರಾಗುವ ವಯಸ್ಸದು. ಸೇನೆಯನ್ನು ಹರೆಯದಲ್ಲಿಡುವ ಈ ಏರ್ಪಾಡಿನ ವೆಚ್ಚವನ್ನು ಸೈನಿಕ ಎಷ್ಟು ಹೊರಬೇಕು, ಖಜಾನೆ ಎಷ್ಟು ಹೊರಬೇಕು ಎಂಬುದೇ ಎಲ್ಲ ಚರ್ಚೆಗಳ ಬುಡದಲ್ಲಿರುವ ಪ್ರಶ್ನೆ.

ಪಿಂಚಣಿ ಪಡೆಯಲು ಜವಾನರಿಗೆ ಕನಿಷ್ಠ 15 ವರ್ಷ, ಅಧಿಕಾರಿಗಳಿಗೆ 20 ವರ್ಷ ಸೇವೆಯಾಗಿರಬೇಕು. ಕೊನೆಯ ವೇತನದ ಶೇ 50ರಷ್ಟು ಮೊತ್ತ ಮೂಲ ಪಿಂಚಣಿಯಾಗುತ್ತದೆ. ಅದರ ಮೇಲೆ ತುಟ್ಟಿಭತ್ಯೆ ಸೇರುತ್ತದೆ. ಪಿಂಚಣಿಯ ಅರ್ಧದಷ್ಟನ್ನು ‘ಕಮ್ಯುಟೇಶನ್’ ಮೂಲಕ ಇಡಿಗಂಟಾಗಿ ಪಡೆಯಬಹುದು. ಹಾಗೆ ಪಡೆದವರಿಗೆ 15 ವರ್ಷ ಕಳೆದ ಮೇಲೆ ಪೂರ್ಣ ಪಿಂಚಣಿ ಮರಳಿ ಸಿಗುತ್ತದೆ.

ಮಾಜಿ ಸೈನಿಕರ ಅಸಮಾಧಾನದ ಬೇರು ಇರುವುದು 1973ರ ಮೂರನೇ ವೇತನ ಆಯೋಗದಲ್ಲಿ. ಅಲ್ಲಿಯವರೆಗೆ ಜವಾನರ ಪಿಂಚಣಿ ಕೊನೆಯ ವೇತನದ ಶೇ 70ರಷ್ಟಿತ್ತು, ಆಮೇಲೆ ಅದನ್ನು ಶೇ 50ಕ್ಕೆ ಇಳಿಸಲಾಯಿತು ಎಂಬುದು ಅವರ ಸಂಘಟನೆಗಳ ವಾದ. ಮುಂದೆ ಪ್ರತಿ ವೇತನ ಆಯೋಗ ಬಂದಾಗಲೂ ಹೊಸದಾಗಿ ನಿವೃತ್ತರಾದವರಿಗೂ ಹಳಬರಿಗೂ ನಡುವಿನ ಅಂತರ ಹಿಗ್ಗಿತು. ಪಿಂಚಣಿ ಸರ್ಕಾರ ಕೊಡುವ ದಾನವಲ್ಲ, ಅದು ಹಕ್ಕು ಎಂದು ಸುಪ್ರೀಂ ಕೋರ್ಟ್ ಡಿ.ಎಸ್. ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ತೀರ್ಪಿತ್ತಿತು. ನಿವೃತ್ತಿಯ ದಿನಾಂಕವೊಂದನ್ನೇ ಹಿಡಿದು ಪಿಂಚಣಿದಾರರನ್ನು ವಿಂಗಡಿಸುವುದು ಸಮಾನತೆಯ ತತ್ತ್ವಕ್ಕೆ ಒಪ್ಪುವುದಿಲ್ಲವೆಂದೂ ಹೇಳಿತು.

ಸಮಾನ ಶ್ರೇಣಿ, ಸಮಾನ ಪಿಂಚಣಿ

ಒಂದೇ ಶ್ರೇಣಿಯಲ್ಲಿ, ಒಂದೇ ಅವಧಿಯ ಸೇವೆ ಸಲ್ಲಿಸಿದವರಿಗೆ ಅವರು ಯಾವಾಗಲೇ ನಿವೃತ್ತರಾಗಿರಲಿ, ಒಂದೇ ಪಿಂಚಣಿ ಸಿಗಬೇಕು ಎಂಬುದು ಬೇಡಿಕೆ. ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ 2011ರಲ್ಲಿ ಇದನ್ನು ಎತ್ತಿಹಿಡಿಯಿತು. 2014ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ತಾತ್ವಿಕ ಒಪ್ಪಿಗೆ ಘೋಷಿಸಿ 500 ಕೋಟಿ ರೂಪಾಯಿ ತೆಗೆದಿರಿಸಿದರು. ಆದರೂ ಜಾರಿ ತಡವಾದಾಗ 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕೂತರು. ಸೆಪ್ಟೆಂಬರ್ 5ರಂದು ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಯೋಜನೆಯನ್ನು ಪ್ರಕಟಿಸಿದರು. ನವೆಂಬರ್ 7ರಂದು ಆದೇಶ ಹೊರಬಿತ್ತು. ಅದು 2014ರ ಜುಲೈ 1ರಿಂದ ಪೂರ್ವಾನ್ವಯವಾಯಿತು.

ಲೆಕ್ಕದ ಕ್ರಮ ಇಂತಿದೆ: 2013ರಲ್ಲಿ ಒಂದು ಶ್ರೇಣಿಯಿಂದ, ಒಂದೇ ಅವಧಿಯ ಸೇವೆಯ ಬಳಿಕ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಗಳ ಸರಾಸರಿಯೇ ಹಳಬರಿಗೂ ಮಾನದಂಡ. ಕನಿಷ್ಠ 20,000, ಗರಿಷ್ಠ 24,000 ರೂಪಾಯಿ ಎಂದು ಇಟ್ಟುಕೊಂಡರೆ 22,000ಕ್ಕಿಂತ ಕಡಿಮೆ ಪಡೆಯುತ್ತಿದ್ದವರನ್ನು ಆ ಮಟ್ಟಕ್ಕೆ ಏರಿಸಲಾಗುತ್ತದೆ. ಅದಕ್ಕಿಂತ ಹೆಚ್ಚು ಪಡೆಯುತ್ತಿದ್ದವರಿಗೆ ಕಡಿತವಿಲ್ಲ. ಈ ಮರುನಿಗದಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಇನ್ನು ಮುಂದೆ ಸ್ವಇಚ್ಛೆಯಿಂದ ಅವಧಿಪೂರ್ವ ನಿವೃತ್ತಿ ಪಡೆಯುವವರನ್ನು ಆದೇಶ ಹೊರಗಿಟ್ಟಿತು. ಪ್ರತಿವರ್ಷ ಸಮಾನಗೊಳಿಸಬೇಕು, ಸರಾಸರಿಯ ಬದಲು ಗರಿಷ್ಠವನ್ನೇ ಆಧಾರವಾಗಿಡಬೇಕು ಎಂಬುದು ಸಂಘಟನೆಗಳ ಪಟ್ಟು. ಲೋಪಗಳ ಪರಿಶೀಲನೆಗೆ ನೇಮಕವಾದ ನ್ಯಾಯಮೂರ್ತಿ ಎಲ್. ನರಸಿಂಹ ರೆಡ್ಡಿ ಸಮಿತಿ 2016ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು.

ಸುಪ್ರೀಂ ಕೋರ್ಟ್ 2022ರ ಮಾರ್ಚ್ 16ರಂದು ಐದು ವರ್ಷದ ಅಂತರವನ್ನು ಎತ್ತಿಹಿಡಿಯಿತು. ಶ್ರೇಣಿ ಒಂದೇ ಆದ ಮಾತ್ರಕ್ಕೆ ಪಿಂಚಣಿಯೂ ಒಂದೇ ಇರಬೇಕೆಂಬ ಕಾನೂನು ಕಟ್ಟುಪಾಡು ಇಲ್ಲ, ಇದು ಸರ್ಕಾರದ ನೀತಿಗೆ ಬಿಟ್ಟ ವಿಷಯ ಎಂದಿತು. ಬಾಕಿ ಉಳಿದಿದ್ದ 2019ರ ಜುಲೈ 1ರ ಪರಿಷ್ಕರಣೆ ನಡೆಸುವಂತೆಯೂ ಆದೇಶಿಸಿತು. 2022ರ ಡಿಸೆಂಬರ್ 23ರಂದು ಕೇಂದ್ರ ಸಂಪುಟ ಅದಕ್ಕೆ ಒಪ್ಪಿತು. 25.13 ಲಕ್ಷ ಪಿಂಚಣಿದಾರರಿಗೆ ಸಲ್ಲಬೇಕಾದ ಬಾಕಿ 23,638 ಕೋಟಿ ರೂಪಾಯಿ ಎಂದು ಅಂದಾಜಿಸಲಾಯಿತು. ಬಾಕಿ ಹಣದ ಕಂತುಗಳು ಮತ್ತೆ ತಡವಾದಾಗ ನ್ಯಾಯಾಲಯವೇ 2023ರ ಮಾರ್ಚ್‌ನಲ್ಲಿ ವೇಳಾಪಟ್ಟಿ ನಿಗದಿಪಡಿಸಿ, ಕುಟುಂಬ ಪಿಂಚಣಿದಾರರಿಗೂ ಶೌರ್ಯ ಪ್ರಶಸ್ತಿ ಪಡೆದವರಿಗೂ ಮೊದಲ ಸ್ಥಾನ, 70 ದಾಟಿದವರಿಗೆ ನಂತರದ ಸ್ಥಾನ ಕೊಟ್ಟಿತು. ಮೂರನೆಯ ಸುತ್ತಿನ ಮರುನಿಗದಿ 2024ರ ಜುಲೈ 1ರಿಂದ ಅನ್ವಯವಾಗಿದೆ.

2020ರ ಪ್ರಸ್ತಾವ

ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ನೇತೃತ್ವದ ಸೇನಾ ವ್ಯವಹಾರಗಳ ಇಲಾಖೆ 2020ರ ಅಕ್ಟೋಬರ್ ಕೊನೆಯಲ್ಲಿ ಕರಡೊಂದನ್ನು ಸಿದ್ಧಪಡಿಸಿತು. ಅದರಂತೆ ಅವಧಿಪೂರ್ವ ನಿವೃತ್ತಿ ಪಡೆಯುವವರಲ್ಲಿ 20ರಿಂದ 25 ವರ್ಷ ಸೇವೆಯಾದವರಿಗೆ ಅರ್ಹ ಪಿಂಚಣಿಯ ಶೇ 50, 26ರಿಂದ 30 ವರ್ಷದವರಿಗೆ ಶೇ 60, 31ರಿಂದ 35 ವರ್ಷದವರಿಗೆ ಶೇ 75, ಅದಕ್ಕೂ ಮೀರಿದವರಿಗೆ ಮಾತ್ರ ಪೂರ್ಣ ಮೊತ್ತ ಸಿಗುತ್ತಿತ್ತು. ಕರ್ನಲ್‌ಗಳ ನಿವೃತ್ತಿ ವಯಸ್ಸನ್ನು 54ರಿಂದ 57ಕ್ಕೆ ಏರಿಸುವ ಅಂಶವೂ ಅದರಲ್ಲಿತ್ತು. ತಾಂತ್ರಿಕ, ಸರಬರಾಜು ಮತ್ತು ವೈದ್ಯಕೀಯ ವಿಭಾಗಗಳ ಜವಾನರನ್ನು 57ರವರೆಗೆ ಉಳಿಸಿಕೊಳ್ಳುವ ಯೋಚನೆಯಿತ್ತು. ತರಬೇತಿ ಪಡೆದ ನುರಿತವರು ಖಾಸಗಿ ಕೆಲಸಕ್ಕೆ ಹೋಗುವುದನ್ನು ತಡೆಯುವುದು ಕರಡು ಕೊಟ್ಟ ಕಾರಣ. ಬಡ್ತಿಯ ಏಣಿ ಮೇಲೆ ಹೋದಂತೆ ಕಿರಿದಾಗುವುದರಿಂದಲೇ ಅಧಿಕಾರಿಗಳು ಬೇಗ ಹೊರಬರುತ್ತಾರೆ, ಅದಕ್ಕೆ ದಂಡ ವಿಧಿಸುವುದು ಸಲ್ಲದು ಎಂದು ನಿವೃತ್ತರು ವಿರೋಧಿಸಿದರು. ಪ್ರಸ್ತಾವ ಜಾರಿಗೆ ಬರಲಿಲ್ಲ.

ಅಗ್ನಿಪಥ ಮತ್ತು ಅಂಗವೈಕಲ್ಯ ನಿಯಮಗಳು

2022ರ ಜೂನ್ 14ರಂದು ಘೋಷಿಸಿದ ಅಗ್ನಿಪಥದಡಿ ಅಗ್ನಿವೀರರಿಗೆ ನಾಲ್ಕು ವರ್ಷದ ಸೇವೆಯ ಕೊನೆಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ದೊರೆಯುತ್ತದೆ; ಪಿಂಚಣಿಯಿಲ್ಲ. ಪ್ರತಿ ತಂಡದ ಶೇ 25ರವರೆಗಿನ ಮಂದಿ ಮಾತ್ರ ಕಾಯಂ ಸೇವೆಗೆ ಸೇರಬಹುದು. ಪಿಂಚಣಿಗೆ ಅರ್ಹರಾಗುವ ಜವಾನರ ಸಂಖ್ಯೆಯನ್ನೇ ಕುಗ್ಗಿಸುವುದರಿಂದ ಇದು ಉಳಿದೆಲ್ಲ ಬದಲಾವಣೆಗಳಿಗಿಂತ ಆಳವಾದದ್ದು.

2023ರ ಸೆಪ್ಟೆಂಬರ್ 21ರಿಂದ ಹೊಸ ಅಂಗವೈಕಲ್ಯ ನಿಯಮಗಳು ಬಂದವು. ಸೇವೆಯಲ್ಲಿ ತಗುಲಿದ ಕಾಯಿಲೆಯೊಂದಿಗೇ ಅವಧಿ ಮುಗಿಸಿ ನಿವೃತ್ತರಾಗುವವರ ಸೌಲಭ್ಯಕ್ಕೆ ‘ದೌರ್ಬಲ್ಯ ಪರಿಹಾರ’ ಎಂಬ ಪ್ರತ್ಯೇಕ ವರ್ಗ ಮಾಡಲಾಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ಜೀವನಶೈಲಿ ರೋಗಗಳ ಹೆಸರಿನಲ್ಲಿ ಸೌಲಭ್ಯ ದುರ್ಬಳಕೆಯಾಗುತ್ತಿದೆ ಎಂಬುದು ಸೇನೆಯ ವಾದ. ಗಡಿಯ ಒತ್ತಡದಲ್ಲಿ ಬಂದ ಕಾಯಿಲೆಗೆ ಸೇವೆಯೇ ಕಾರಣವೆಂಬುದು ನಿವೃತ್ತರ ಉತ್ತರ.

ಕರ್ನಾಟಕದಲ್ಲಿ

ನಿವೃತ್ತ ಸೈನಿಕರನ್ನು ಒಗ್ಗೂಡಿಸುವ ಕೆಲಸಕ್ಕೆ ಕೊಡಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ 1964ರಲ್ಲಿ ಸ್ಥಾಪಿಸಿದ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಬುನಾದಿ ಹಾಕಿತು. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಎಂಇಜಿ, ಸರಬರಾಜು ವಿಭಾಗದ ಎಎಸ್‌ಸಿ ಕೇಂದ್ರಗಳೂ ಜಾಲಹಳ್ಳಿಯಲ್ಲಿ ವಾಯುಪಡೆಯ ನೆಲೆಯೂ ಇವೆ. 2020ರ ಕರಡಿನಲ್ಲಿ 57ರ ವಯೋಮಿತಿಗೆ ಸೂಚಿತವಾಗಿದ್ದ ವಿಭಾಗಗಳಲ್ಲಿ ಎಎಸ್‌ಸಿಯೂ ಒಂದು.

ಹಿಂದೆ ಪಿಂಚಣಿಯ ಲೆಕ್ಕ, ಪರಿಷ್ಕರಣೆ ಹೆಚ್ಚಾಗಿ ಬ್ಯಾಂಕುಗಳ ಮೂಲಕವೇ ಆಗುತ್ತಿತ್ತು. ಈಗ ‘ಸ್ಪರ್ಶ್’ ವ್ಯವಸ್ಥೆಯಡಿ ಪ್ರಯಾಗ್‌ರಾಜ್‌ನ ರಕ್ಷಣಾ ಲೆಕ್ಕಪತ್ರ ಕಚೇರಿಯೇ ಮೊತ್ತ ನಿಗದಿಪಡಿಸಿ ಖಾತೆಗೆ ನೇರ ಜಮಾ ಮಾಡುತ್ತದೆ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂಥ ಬಡಾವಣೆಗಳಲ್ಲಿ ನೆಲೆಸಿದ ನಿವೃತ್ತರೂ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು; ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ವ್ಯಾಜ್ಯವೆದ್ದರೆ ಕರ್ನಾಟಕದವರು ಹೋಗಬೇಕಾದದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ. ಪುನರ್ವಸತಿ, ನೆರವು, ಮಕ್ಕಳ ವಿದ್ಯಾರ್ಥಿವೇತನಗಳನ್ನು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ನೋಡಿಕೊಳ್ಳುತ್ತದೆ; ಪಿಂಚಣಿಯ ಮೊತ್ತ ನಿಗದಿಪಡಿಸುವ ಅಧಿಕಾರ ಅದಕ್ಕಿಲ್ಲ.

ವೆಚ್ಚ ಮತ್ತು ಎಂಟನೇ ವೇತನ ಆಯೋಗ

2025–26ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟ 6.81 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.61 ಲಕ್ಷ ಕೋಟಿ ಪಿಂಚಣಿಯ ಪಾಲು. ಪಿಂಚಣಿದಾರರು 34 ಲಕ್ಷಕ್ಕೂ ಹೆಚ್ಚು. ಆಯುಧ ಖರೀದಿಗೆ ಹಣ ಸಾಲದೆನ್ನುವವರು ಎತ್ತಿ ತೋರಿಸುವುದು ಈ ಅಂಕಿಯನ್ನೇ. ಆದರೆ ಇದರಲ್ಲಿ ರಕ್ಷಣಾ ಇಲಾಖೆಯ ನಾಗರಿಕ ನೌಕರರ ಪಿಂಚಣಿಯೂ ಸೇರಿದೆ.

ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷತೆಯ ಎಂಟನೇ ವೇತನ ಆಯೋಗದ ಕಾರ್ಯಸೂಚಿಗೆ 2025ರ ಅಕ್ಟೋಬರ್ 28ರಂದು ಸಂಪುಟ ಒಪ್ಪಿಗೆ ನೀಡಿತು. ವರದಿಗೆ 18 ತಿಂಗಳ ಗಡುವಿದೆ. ಕಮ್ಯುಟೇಶನ್ ಮರಳುವ ಅವಧಿಯನ್ನು 15ರಿಂದ 12 ವರ್ಷಕ್ಕೆ ಇಳಿಸಬೇಕೆಂಬುದು ಪಿಂಚಣಿದಾರರ ಬೇಡಿಕೆಗಳಲ್ಲೊಂದು. 38ರಲ್ಲಿ ನಿವೃತ್ತನಾಗಿ ಅರ್ಧ ಪಿಂಚಣಿಯನ್ನು ಇಡಿಗಂಟು ಮಾಡಿಕೊಂಡ ಜವಾನನಿಗೆ ಈಗಿನ ನಿಯಮದಂತೆ ಪೂರ್ಣ ಮೊತ್ತ ಮರಳುವುದು 53ರಲ್ಲಿ; ಬೇಡಿಕೆ ಈಡೇರಿದರೆ 50ರಲ್ಲಿ.