ಗಡಿನಾಡಿನ ಭೂಲೆಕ್ಕ

ಬಳ್ಳಾರಿಯಿಂದ ರಾಯದುರ್ಗಕ್ಕೆ ಹೋಗುವ ಹಾದಿಯಲ್ಲಿ, ರಾಜ್ಯದ ಗಡಿಯನ್ನು ದಾಟಿದ ಮೇಲೆ ಸಿಗುವ ಡಿ. ಹಿರೇಹಾಳು ಇಂದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಒಂದು ಮಂಡಲದ ಮುಖ್ಯಸ್ಥಳ. ಆ ಸೀಮೆಯ ನೆಲಕ್ಕೂ, ಮಳೆಯನ್ನೇ ನಂಬಿದ ಬೇಸಾಯಕ್ಕೂ, ಬದುವಿನ ಮೇಲೆ ನಿಂತು ಒಕ್ಕಲಿಗರು ಆಡಿಕೊಳ್ಳುವ ಮಾತಿಗೂ ಬಳ್ಳಾರಿಯ ಸೀಮೆಗೂ ಹೇಳಿಕೊಳ್ಳುವಂಥ ಅಂತರವೇನೂ ಇಲ್ಲ. ಆದರೆ ಆ ಹೊಲ ಯಾರದು, ಎಷ್ಟು ವಿಸ್ತಾರದ್ದು, ಯಾವ ತರಗತಿಯದು ಎಂದು ಸರಕಾರದ ಪುಸ್ತಕ ಹೇಳುವ ಮಾತು ಗಡಿಯ ಬಳ್ಳಾರಿಯ ಕಡೆ ಕನ್ನಡದಲ್ಲಿಯೂ ಆಂಧ್ರದ ಕಡೆ ತೆಲುಗಿನಲ್ಲಿಯೂ ಇದೆ. ದತ್ತಾಂಶದ ಆಡಳಿತವೆಂಬ ಹೊಸ ಶಾಸ್ತ್ರವೊಂದು ಈಗ ರಾಜಧಾನಿಗಳ ಸಭೆಗಳಲ್ಲಿ ಹುಟ್ಟಿಕೊಂಡಿದೆಯಷ್ಟೆ. ಪ್ರಜೆಯ ವಿಷಯವಾಗಿ ಸರಕಾರವು ಬರೆದಿಟ್ಟುಕೊಳ್ಳುವುದನ್ನು ಬರೆಯತಕ್ಕವರು ಯಾರು, ಕಾಯತಕ್ಕವರು ಯಾರು, ನೋಡಬಲ್ಲವರು ಯಾರು, ತಪ್ಪಿದ್ದರೆ ತಿದ್ದತಕ್ಕವರು ಯಾರು ಎಂಬ ಅದರ ಪ್ರಶ್ನೆಗಳೆಲ್ಲವೂ ಆಂಧ್ರದ ಗಡಿಯಲ್ಲಿರುವ ರಾಯದುರ್ಗ, ಮಡಕಶಿರೆಗಳ ರೈತನಿಗೆ ಗಣಕಯಂತ್ರ ಬರುವುದಕ್ಕೆ ಬಹುಕಾಲ ಮುಂಚಿನಿಂದಲೂ ಪರಿಚಿತವಾದುವು. ಲೆಕ್ಕವು ಕಲ್ಲಿನಲ್ಲಿದೆಯೋ ಕಾಗದದಲ್ಲಿದೆಯೋ ಯಂತ್ರದಲ್ಲಿದೆಯೋ ಎಂಬುದಕ್ಕಿಂತಲೂ, ತನಗೆ ತಿಳಿಯುವ ನುಡಿಯಲ್ಲಿ ಅದನ್ನು ಕೇಳುವಂತಿದೆಯೇ, ಕೇಳಿ ಅದು ಹಾಗಲ್ಲವೆಂದು ಹೇಳುವುದಕ್ಕೆ ಎಡೆಯಿದೆಯೇ ಎಂಬುದೇ ಅವನಿಗೆ ಮುಖ್ಯವಾಗಿತ್ತೆಂದು ನಾನು ಭಾವಿಸುತ್ತೇನೆ.

ಆ ನಾಡಿನ ಹಳೆಯ ಭೂದಾಖಲೆಗಳಲ್ಲಿ ಬಹಳಷ್ಟು ಕನ್ನಡದವು. ಮಡಕಶಿರೆಯ ಸೀಮೆಯ ಹೇಮಾವತಿ, ಅಂದರೆ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಅವರ ಕಾಲದ ದಾನಶಾಸನಗಳು ಕೊಟ್ಟ ನೆಲದ ಎಲ್ಲೆಗಳನ್ನು ಹೇಳಿ, ಅಳಿದವನಿಗೆ ಶಾಪವನ್ನೂ ಸೇರಿಸಿ, ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೆಯೋ ಎಲ್ಲರ ಕಣ್ಣೆದುರಿಗೆ ನಿಂತುವು. ಓದಬಲ್ಲವರು ವಿರಳವಾಗಿದ್ದಿರಬಹುದು, ಆದರೂ ಬಚ್ಚಿಡಲು ಬಾರದ ದಾಖಲೆ ಅದು, ಮತ್ತು ಒಬ್ಬನೇ ರಾತ್ರಿಯಲ್ಲಿ ಕುಳಿತು ತಿದ್ದಲು ಆಗದ ದಾಖಲೆ.

ಶಾನುಭೋಗನ ಕಡತದ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಸವರಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಆ ಕರಿಯ ಪುಸ್ತಕವು ಬಹುಕಾಲ ಬಾಳುತ್ತಿತ್ತು. ಬೇಕೆಂದಾಗ ಒರಸಿ ಮತ್ತೆ ಬರೆಯಲೂ ಒದಗುತ್ತಿತ್ತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದ ಆಯಗಾರರ ಪರಿವಾರದಲ್ಲಿ ಅಕ್ಷರದ ಅಧಿಕಾರ ಶಾನುಭೋಗನೊಬ್ಬನದು. ಕಡತ ಅವನ ಮನೆಯಲ್ಲಿ, ಅವನ ಮಗನಿಗೆ ಪಿತ್ರಾರ್ಜಿತವಾಗಿ. ಊರಿನ ಹೊಲಗಳ ಹೆಸರು, ಕಾಲುವೆಯ ಸರದಿ, ಯಾವ ಬೀಳು ಯಾವ ವರ್ಷ ಬೀಳಾಯಿತೆಂಬ ಸಂಗತಿ, ಇವೆಲ್ಲ ಅವನಿಗೆ ಬಾಯಿಪಾಠವಾಗಿರುತ್ತಿದ್ದುವೆಂಬುದು ನಿಜ. ದೊರೆಗೆ ತೋರಿಸುವ ಲೆಕ್ಕ ಬೇರೆ, ತನ್ನ ಲೆಕ್ಕ ಬೇರೆ ಎಂದು ಅವನ ಮೇಲೆ ದೂರುಗಳಿದ್ದುದೂ ಅಷ್ಟೇ ನಿಜ. ಹಳೆಯ ಗ್ರಾಮವ್ಯವಸ್ಥೆಯನ್ನು ಸತ್ಯಯುಗವೆಂದು ವರ್ಣಿಸುವವರು ಈ ಎರಡನೆಯ ಮಾತನ್ನು ಮರೆಯುವುದುಂಟು.

1800ನೆಯ ಇಸವಿ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ಈ 'ದತ್ತ ಮಂಡಲ'ಗಳಿಗೆ ಮುಖ್ಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಅದಕ್ಕೆ ಮೊದಲು ಬಾರಾಮಹಲಿನಲ್ಲಿಯೂ ಕೆನರಾದಲ್ಲಿಯೂ ಕಂದಾಯದ ಕೆಲಸ ಮಾಡಿ ಪಳಗಿದವನು. ರಾಯದುರ್ಗದವರನ್ನೂ ಒಳಗೊಂಡು ಎಂಬತ್ತು ಮಂದಿ ಪಾಳೆಯಗಾರರಿದ್ದ ಆ ಪ್ರದೇಶದಲ್ಲಿ ಅವನು 1802ರಲ್ಲಿ ಬಾರಾಮಹಲಿನಿಂದ ಕರೆತಂದ ನಾಲ್ವರು ಗುಮಾಸ್ತರೊಡನೆ ಅಳತೆಯನ್ನು ಆರಂಭಿಸಿ, ದಿನ ಕಳೆದಂತೆ ಆ ನಾಲ್ವರನ್ನು ನೂರಕ್ಕೆ ಮಿಕ್ಕ ದೊಡ್ಡ ತಂಡವಾಗಿ ಬೆಳೆಸಿ, ಹೊಲ ಹೊಲವನ್ನೂ ಸರಪಣಿಯಿಂದ ಅಳೆಸಿದನು. ಸರಪಣಿಯ ಉದ್ದ 33 ಅಡಿ. ಆ ಅಳತೆಯ ಒಂದು ಚದರ ಇಂದಿಗೂ ಮೈಸೂರು ಸೀಮೆಯಲ್ಲಿ ಗುಂಟೆಯೆಂದು ಹೆಸರಾದುದು, ಅಂಥ ನಲವತ್ತು ಸೇರಿದರೆ ಎಕರೆ. ಅಳೆಯುವವರ ಹಿಂದೆಯೇ ತರಗತಿ ಕಟ್ಟುವವರು ಬಂದು, ಗೌಡ, ಶಾನುಭೋಗರನ್ನೂ ರೈತರನ್ನೂ ಕೂರಿಸಿಕೊಂಡು ನೆಲದ ಗುಣವನ್ನು ಗೊತ್ತುಮಾಡುತ್ತಿದ್ದರು. ಅವರ ಕೆಲಸವನ್ನು ಪರೀಕ್ಷಿಸುವವರು ಬೇರೆ. ಕೊನೆಗೆ ಕಚೇರಿಯಲ್ಲಿ ರೈತರ ಆಕ್ಷೇಪಣೆಗಳನ್ನು ಕೇಳುವುದುಂಟಾಗಿತ್ತು.

ಈ ಕ್ರಮದಲ್ಲಿ ಅಳತೆಗಿಂತ ನನಗೆ ಹಿರಿದಾಗಿ ಕಾಣುವುದು ಆ ಕೊನೆಯ ಘಟ್ಟ. ಲೆಕ್ಕವೆಂಬುದು ಶಾನುಭೋಗನ ಮನೆಯ ಗುಟ್ಟಾಗಿದ್ದ ನಾಡಿನಲ್ಲಿ, ನಿನ್ನ ಹೊಲವನ್ನು ಕುರಿತು ಹೀಗೆ ಬರೆದಿದ್ದೇವೆ, ನಿನ್ನ ಮಾತೇನು ಎಂದು ಬೇಸಾಯಗಾರನನ್ನು ಸರಕಾರ ಕೇಳಿದ್ದು ಸಣ್ಣ ಸಂಗತಿಯಲ್ಲ. ಮನ್ರೋ ಧರ್ಮಕ್ಕಾಗಿ ಇದನ್ನು ಮಾಡಿದವನಲ್ಲ, ಕಂಪನಿಗೆ ಹಣ ಬೇಕಾಗಿತ್ತು. ಹುಟ್ಟುವಳಿಯಲ್ಲಿ ನೂರಕ್ಕೆ 45ರಷ್ಟನ್ನು ಸರಕಾರದ ಪಾಲೆಂದು ಕಟ್ಟಿದ ಕಂದಾಯ ರೈತನ ಬೆನ್ನು ಮುರಿಯುವಂಥದು. ಅದನ್ನು ಅವನೇ ಮನಗಂಡು, 1807ರಲ್ಲಿ ಹೊರಡುವ ಮುನ್ನ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲನ್ನು ಇಳಿಸಬೇಕೆಂದು ಬರೆದನು. ಮೇಲಿನವರು ಆಗ ಒಪ್ಪಲಿಲ್ಲ. ಅವನ ಬೆನ್ನಿಗೆ ಊರೂರನ್ನೇ ಗುತ್ತಿಗೆಗೆ ಕೊಡುವ ಪದ್ಧತಿ ಬಂದು, ಒಬ್ಬೊಬ್ಬ ರೈತನ ಲೆಕ್ಕ ಮತ್ತೆ ಕೆಲವು ವರ್ಷ ಊರಿನ ದೊಡ್ಡವರ ಕೈ ಸೇರಿತು. ಅವನೇ ಮದ್ರಾಸಿನ ಗವರ್ನರಾಗಿ ಬಂದ ಮೇಲೆ, ಒಬ್ಬೊಬ್ಬ ರೈತನೊಡನೆ ನೇರವಾಗಿ ಲೆಕ್ಕ ಮಾಡುವ ರೈತವಾರಿ ಪದ್ಧತಿ ಮರಳಿತು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ತಗಲಿ ಅವನು ತೀರಿಕೊಂಡ ಮೇಲೆ ಆ ಸೀಮೆಯ ಜನ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟರೆಂಬುದು ಪ್ರಸಿದ್ಧವಾಗಿದೆ. ಕಂದಾಯದ ಅಧಿಕಾರಿಯೊಬ್ಬನ ಹೆಸರು ತೊಟ್ಟಿಲಿಗೆ ಏರಿದುದು ಲೋಕದಲ್ಲಿ ಅಪರೂಪವೇ.

ನುಡಿಯ ಲೆಕ್ಕ ಹಿಡಿದುದೂ ಅವನ ಕಾಲದಲ್ಲಿಯೇ. 1822ರಲ್ಲಿ ಅವನು ದೇಶದ ಪಾಠಶಾಲೆಗಳ ವಿಷಯವಾಗಿ ಎಲ್ಲ ಕಲೆಕ್ಟರರಿಂದ ವರದಿ ತರಿಸಿದನಷ್ಟೆ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ಉತ್ತರದ ಪ್ರಕಾರ, ಇಂದಿನ ಅನಂತಪುರ ಸೀಮೆಯೂ ಸೇರಿದ್ದ ಆ ವಿಶಾಲ ಜಿಲ್ಲೆಯಲ್ಲಿ 9,27,857 ಜನರಿಗೆ 533 ಪಾಠಶಾಲೆಗಳು, 6,641 ವಿದ್ಯಾರ್ಥಿಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಉಳಿದುವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳಿನವು, ಇಂಗ್ಲಿಷಿನದು ಒಂದೇ ಒಂದು. ಎರಡು ನುಡಿಗಳು ಸರಿಸಮವಾಗಿ ಹೆಗಲೆಣೆಯಾಗಿ ನಡೆಯುತ್ತಿದ್ದ ಜಿಲ್ಲೆ ಅದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

1858ರ ಮೇಲೆ ಮದ್ರಾಸಿನ ಸರ್ವೇ ಇಲಾಖೆ ಹೊಸದಾಗಿ ಅಳೆಯಲಾರಂಭಿಸಿ, 66 ಅಡಿಯ ಸರಪಣಿಯನ್ನೂ ಎಕರೆಯ ನೂರನೆಯ ಭಾಗವಾದ ಸೆಂಟನ್ನೂ ನೆಲೆಗೊಳಿಸಿತು. ಆದ್ದರಿಂದಲೇ ಮಡಕಶಿರೆಯ ರೈತ ಸೆಂಟಿನಲ್ಲಿಯೂ, ಅವನ ಬೀಗರಾದ ಶಿರಾ, ಪಾವಗಡದವರು ಗುಂಟೆಯಲ್ಲಿಯೂ ಇಂದಿಗೂ ಹೊಲವನ್ನು ಎಣಿಸುತ್ತಾರೆ. ಹೊಲದ ನಕ್ಷೆಗಳ ಪುಸ್ತಕ, ಪ್ರತಿವರ್ಷ ಬೆಳೆಯನ್ನು ಗುರುತಿಸುವ ಅಡಂಗಲ್, ವರ್ಷಕ್ಕೊಮ್ಮೆ ಜಮಾಬಂದಿ ಎಂಬ ಸಾಮಗ್ರಿಯೆಲ್ಲ ಆ ಕಾಲದಲ್ಲಿ ಬಳಕೆಯಲ್ಲಿತ್ತು. ಭೂಮಿಯ ಮೂಲ ರಿಜಿಸ್ಟರನ್ನು ಇಂಗ್ಲಿಷು ಒಂದು ಕಡೆ, ದೇಶಭಾಷೆ ಇನ್ನೊಂದು ಕಡೆ ಇರುವಂತೆ ಅಚ್ಚು ಹಾಕಿಸಿದರು. ಕಚೇರಿಯವರ ಬಾಯಲ್ಲಿ ಅದು ಡಿಗ್ಲಾಟು. ಅಧಿಕಾರಿ ಓದುವ ಅಂಕಣವೂ ಊರಿನವರು ಓದುವ ಅಂಕಣವೂ ಒಂದೇ ಪುಟದಲ್ಲಿದ್ದುದರಿಂದ, ಎರಡರ ನಡುವೆ ವಂಚನೆಗೆ ಎಡೆ ಕಡಮೆಯಾಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆಯನ್ನು ಬಿಡಿಸಿದಾಗ ಮಡಕಶಿರೆ ಆ ಕಡೆಗೆ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು.

ಅದು ಉಳಿದುದು 1953ರವರೆಗೆ. ಆಂಧ್ರರಾಜ್ಯ ರಚನೆಯ ಸಂದರ್ಭದಲ್ಲಿ ನ್ಯಾಯಮೂರ್ತಿ ವಾಂಛೂ ಅವರ ವರದಿ ಬಂದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಸೇರಿಸುವುದೆಂದಾಯಿತು. ಬಳ್ಳಾರಿ ತಾಲ್ಲೂಕನ್ನು ಕುರಿತು ಎಲ್. ಎಸ್. ಮಿಶ್ರರು ಬೇರೆ ವಿಚಾರಣೆ ನಡೆಸಿದ ಮೇಲೆ ಅದು ಮೈಸೂರಿಗೆ ಬಂದಿತು. ಜನಗಣತಿಯ ಭಾಷಾ ಅಂಕಣವು ಈ ಸೀಮೆಯಲ್ಲಿ ಮೊತ್ತಮೊದಲ ಬಾರಿಗೆ ಮನುಷ್ಯರ ರಾಜ್ಯವನ್ನೇ ಬದಲಿಸುವ ಶಕ್ತಿಯನ್ನು ಪಡೆಯಿತು. ಎಣಿಕೆಗೆ ಹಿಡಿದ ಮಾನ ತಾಲ್ಲೂಕು. ಗ್ರಾಮವನ್ನು ಮಾನವಾಗಿ ಹಿಡಿದಿದ್ದರೆ ಹಿರೇಹಾಳಿನ ಸುತ್ತಿನ ಕನ್ನಡದ ಹಳ್ಳಿಗಳ ಭವಿತವ್ಯ ಬೇರೆಯಾಗಬಹುದಾಗಿತ್ತು. ಆದರೆ ತಾಲ್ಲೂಕಿನ ಮೊತ್ತದಲ್ಲಿ ಹಳ್ಳಿ ಕರಗಿಹೋಯಿತು. ಅಂಕಿಗಳನ್ನು ಯಾವ ಪಾತ್ರೆಯಲ್ಲಿ ಸುರಿದು ಅಳೆಯಬೇಕೆಂದು ಗೊತ್ತುಮಾಡುವವನೇ ತೀರ್ಪನ್ನೂ ಬರೆದವನಾಗುತ್ತಾನೆ. 1953ರ ಅಕ್ಟೋಬರ್ 1ರಂದು ರಾಯದುರ್ಗ ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ, 350ಬಿ ವಿಧಿಗಳು ಭಾಷಾ ಅಲ್ಪಸಂಖ್ಯಾತರಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನೂ ಒಬ್ಬ ವಿಶೇಷಾಧಿಕಾರಿಯನ್ನೂ ಕೊಟ್ಟುವು. ಹೊಲದ ಲೆಕ್ಕದ ಮಾತನ್ನು ಅವು ಎತ್ತಲಿಲ್ಲ. 1966ರ ಆಂಧ್ರಪ್ರದೇಶದ ಆಡಳಿತಭಾಷಾ ಶಾಸನವು ತೆಲುಗನ್ನು ಸ್ಥಾಪಿಸಿ, ಬೇರೆ ನುಡಿಯವರು ಇರುವೆಡೆಗಳಲ್ಲಿ ಅವರ ನುಡಿಯನ್ನೂ ಜೊತೆಗೆ ಬಳಸಲು ಸರಕಾರಕ್ಕೆ ಅಧಿಕಾರವನ್ನು ಕೊಟ್ಟಿತು. ತೆಲುಗು, ಕನ್ನಡಗಳ ಲಿಪಿ ಒಂದೇ ಬಳ್ಳಿಯವಾದುದರಿಂದ ಗಡಿಯ ಕನ್ನಡಿಗ ಅಡಂಗಲನ್ನು ತಡವರಿಸಿಯಾದರೂ ಓದಬಲ್ಲನೆನ್ನುವುದು ಸರಿಯೇ. ಆದರೆ ಓದುವುದು ಬೇರೆ, ತನ್ನ ಸ್ವತ್ತಿಗೆ ಕುಂದು ಬಂದಾಗ ಆ ನುಡಿಯಲ್ಲಿ ಅರ್ಜಿ ಬರೆದು ವಾದಿಸುವುದು ಬೇರೆ.

ಕರ್ನಾಟಕದ ಕಡೆ ಶಾನುಭೋಗಿಕೆ 1963ರಲ್ಲಿ ಕೊನೆಗೊಂಡಿತು, ಆಂಧ್ರದ ಕಡೆ ಎನ್. ಟಿ. ರಾಮರಾವ್ ಅವರ ಸರಕಾರ 1984ರ ಜನವರಿಯಲ್ಲಿ ಒಂದು ಸುಗ್ರೀವಾಜ್ಞೆಯಿಂದ ಕರಣಿಕೆಯನ್ನು, ಅಂದರೆ ಅಲ್ಲಿಯ ಶಾನುಭೋಗಿಕೆಯನ್ನು, ರದ್ದುಮಾಡಿತು. ವಂಶಪಾರಂಪರ್ಯದ ಅಧಿಕಾರ ಹೋದುದಕ್ಕೆ ಯಾರೂ ಮರುಗಬೇಕಾಗಿಲ್ಲ. ಆದರೆ ಎಷ್ಟೋ ಊರುಗಳಲ್ಲಿ ಹಳೆಯ ಪುಸ್ತಕಗಳು ಕರಣಂಗಳ ಮನೆಗಳಿಂದ ಪೂರ್ತಿಯಾಗಿ ಹೊರಬರಲೇ ಇಲ್ಲ. ಮರುವರ್ಷ ಮಂಡಲಗಳಾದುವು, ಡಿ. ಹಿರೇಹಾಳು ಅವುಗಳಲ್ಲಿ ಒಂದಾಯಿತು.

ಆಮೇಲೆ ಗಣಕಯಂತ್ರ. ಕರ್ನಾಟಕದಲ್ಲಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ 'ಭೂಮಿ' ಯೋಜನೆ 2 ಕೋಟಿ ಪಹಣಿಗಳನ್ನು ಕನ್ನಡದಲ್ಲಿಯೇ ಯಂತ್ರಕ್ಕೆ ಏರಿಸಿ, 2002ರ ಹೊತ್ತಿಗೆ ಕೈಬರಹದ ಪಹಣಿಯನ್ನು ಅಮಾನ್ಯ ಮಾಡಿತು. ಆಗ ಪಹಣಿಗೆ 15 ರೂಪಾಯಿ, ರೈತನ ಕಡೆಗೆ ಮುಖಮಾಡಿದ ಇನ್ನೊಂದು ತೆರೆ, ಬಂದ ಸರದಿಯಲ್ಲಿಯೇ ಖಾತೆ ಬದಲಾವಣೆ. ಲಂಚ ತಗ್ಗಿತೆಂದು ಹೊಗಳಿದವರಿದ್ದರು; ತಾಲ್ಲೂಕಿನ ಯಂತ್ರದಲ್ಲಿ ಒಟ್ಟುಗೂಡಿದ ಲೆಕ್ಕವು ಬಡರೈತನಿಗಿಂತ ಬೆಂಗಳೂರಿನ ಸುತ್ತ ನೆಲ ಹುಡುಕುವವರಿಗೆ ಹೆಚ್ಚು ಉಪಕಾರಿಯಾಯಿತೆಂದು ವಾದಿಸಿದ ವಿದ್ವಾಂಸರೂ ಇದ್ದರು. ನನಗೆ ಎರಡೂ ಸತ್ಯವೆಂದೇ ತೋರುತ್ತದೆ. ಆಂಧ್ರದಲ್ಲಿ 'ವೆಬ್‌ಲ್ಯಾಂಡ್', 2011ರಿಂದ 'ಮೀಸೇವ' ಕೇಂದ್ರಗಳು, 2015ರಿಂದ 'ಮೀಭೂಮಿ' ಜಾಲತಾಣ ಬಂದುವು. ಇಷ್ಟು ದಾಖಲೆಗಳಿದ್ದೂ, ಹಿರೇಹಾಳು ಮಂಡಲದ ಓಬಳಾಪುರದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಉಬ್ಬಿದ ಕಾಲದಲ್ಲಿ ಎರಡು ರಾಜ್ಯಗಳ ನಡುವಣ ಗಡಿಯ ಗುರುತುಗಳೇ ಅಳಿದುವೆಂಬ ದೂರು ಸುಪ್ರೀಂ ಕೋರ್ಟನ್ನು ಮುಟ್ಟಿ, ಗಡಿ ಗುರುತಿಸುವ ಭಾರ ಸರ್ವೇ ಆಫ್ ಇಂಡಿಯಾದ ಮೇಲೆ ಬಿದ್ದಿತು.

ನೆಲವನ್ನು ಉಳುವವನಿಗೂ ದಾಖಲೆಯಲ್ಲಿರುವವನಿಗೂ ಇರುವ ಅಂತರವೂ ಯಂತ್ರದಿಂದ ಕರಗಲಿಲ್ಲ. ಗೇಣಿದಾರರಿಗೆ ಸಾಲದ ಅರ್ಹತಾ ಪತ್ರ ಕೊಡುವ 2011ರ ಆಂಧ್ರದ ಶಾಸನ ಭೂಮಾಲಿಕನ ಒಪ್ಪಿಗೆಯನ್ನು ಕೇಳಿರಲಿಲ್ಲ. 2019ರ ಶಾಸನ ಅವನ ಸಹಿಯನ್ನು ಕೇಳಿತು. ಕೇಳಿದುದರಿಂದ ಬಾಯಿಮಾತಿನ ಗೇಣಿಯವನು ಲೆಕ್ಕದ ಹೊರಗೆ ಉಳಿದನು. ನೆರೆಯ ತೆಲಂಗಾಣ 2020ರ 'ಧರಣಿ'ಯಲ್ಲಿ ಅನುಭವದಾರನ ಅಂಕಣವನ್ನೇ ತೆಗೆದುಹಾಕಿತು. ಆಂಧ್ರದಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ ಆರಂಭವಾದ ಮರುಸರ್ವೇ, ಬಳಿಕ ಅಂದಿನ ಮುಖ್ಯಮಂತ್ರಿಗಳ ಭಾವಚಿತ್ರವನ್ನು ಹೊತ್ತು ಬಂದ ಪಾಸ್‌ಪುಸ್ತಕ, ಹಕ್ಕಿನ ತಕರಾರನ್ನು ಮೊದಲು ಸಿವಿಲ್ ನ್ಯಾಯಾಲಯದ ಬದಲು ಒಬ್ಬ ಅಧಿಕಾರಿಯ ಮುಂದೆ ಒಯ್ಯಬೇಕೆಂದ ಭೂಹಕ್ಕಿನ ಶಾಸನ, ಇವು ರೈತರಲ್ಲಿ ಹುಟ್ಟಿಸಿದ ಭೀತಿ 2024ರ ಚುನಾವಣೆಯ ಮಾತಾಯಿತು; ಆ ವರ್ಷವೇ ಶಾಸನ ರದ್ದಾಯಿತು. ಪ್ರಜೆಯ ಹೊಲದ ಪುಸ್ತಕದ ಮೇಲೆ ತನ್ನ ಚಿತ್ರವನ್ನು ಮುದ್ರಿಸುವುದು ಮನ್ರೋವಿಗೂ ತೋಚಿರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಅದರ ಫಲವಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು, ಯಾರೊಬ್ಬರ ಒಪ್ಪಿಗೆಯನ್ನು ಬೇಡಿದಾಗಲೂ ಅದರ ಸೂಚನೆಯನ್ನು ಇಂಗ್ಲಿಷಿನಲ್ಲಿಯೋ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೂ ನುಡಿಯಲ್ಲಿಯೋ ಓದಿಕೊಳ್ಳುವ ಅವಕಾಶವಿರಬೇಕೆಂದು ವಿಧಿಸುತ್ತದೆ. ಆ ಪ್ರಕಾರ ಹಿರೇಹಾಳಿನ ರೈತನ ಮೊಬೈಲಿನಲ್ಲಿ ಅಂಗಡಿಯ ಆ್ಯಪು ಕನ್ನಡದಲ್ಲಿ ವಿವರ ಕೊಡಬೇಕಾಗುತ್ತದೆ. ಸಹಾಯಧನ, ಸವಲತ್ತುಗಳಿಗಾಗಿ ಸರಕಾರ ತಾನೇ ದತ್ತಾಂಶವನ್ನು ಬಳಸುವಲ್ಲಿಯಾದರೋ ಒಪ್ಪಿಗೆಯ ಹಂಗನ್ನು ಅದೇ ಶಾಸನ ಸಡಿಲಿಸಿದೆ. ಅವನ ಅಡಂಗಲ್ ಮಾತ್ರ ತೆಲುಗಿನಲ್ಲಿಯೇ ಇದೆ. 1966ರ ಶಾಸನ ಕೊಟ್ಟ ಅಧಿಕಾರವನ್ನು ಬಳಸಿ ರಾಯದುರ್ಗ, ಮಡಕಶಿರೆಗಳ ಗಡಿಮಂಡಲಗಳಿಗೆ ಅಡಂಗಲಿನ ಕನ್ನಡದ ಒಂದು ಪ್ರತಿಯನ್ನೂ ಕೊಡಿಸುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ ಎರಡು ನುಡಿಗಳ ರಿಜಿಸ್ಟರನ್ನು ಕಂಡ ಸೀಮೆಯಲ್ಲಿ, ಯಂತ್ರಕ್ಕೆ ಈಗ ಅದು ಅಸಾಧ್ಯವೆಂದು ಯಾವ ತಹಸೀಲ್ದಾರರೂ ಹೇಳಲಾರರು.